ದೇವರು ಯಾಕೆ ಸುಮ್ಮನಿದ್ದಾನೆ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಸಿಟ್ಟಿನಲ್ಲೇ ಬರೆದಿದ್ದೀಯ, ಇರಲಿ. ನಿನಗೆ ಮೋಸ ಮಾಡಿದ ಪಾಲುದಾರ ಹಾಯಾಗಿದ್ದಾನೆ, ನಿಮ್ಮ ದೇವರಿಗೆ ಕಣ್ಣಿಲ್ಲವಾ ಅಂದೆ. ಅವನು ಮಾಡಿದ್ದು ತಪ್ಪೇ. ಕೋರ್ಟಿಗೆ ಹೋಗುವುದಾದರೆ ಹೋಗು. ದೇವರು ತಾಳ್ಮೆಯವನು ಅಂದ ಮಾತ್ರಕ್ಕೆ ನೀನು ದುಡ್ಡು ಬಿಟ್ಟುಕೊಡಬೇಕು ಅಂತೇನಿಲ್ಲ.

ಆದರೆ ನಿನ್ನ ಸಿಟ್ಟು ಹೊಸದಲ್ಲ ಕಣೋ. ಬೈಬಲಿನ ಪ್ರವಾದಿ ಯೋನನಿಗೂ ಇದೇ ಸಿಟ್ಟು. ಅವನನ್ನು ಮೀನು ನುಂಗಿದ ಕಥೆ ಎಲ್ಲರಿಗೂ ಗೊತ್ತು, ಆಮೇಲಿನದ್ದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ನಿನೆವೆ ಅವನ ಜನರ ಶತ್ರುಗಳ ಪಟ್ಟಣ. ಅಲ್ಲಿಗೆ ಹೋಗು ಅಂತ ದೇವರು ಕಳಿಸಿದಾಗ ಮೊದಲು ತಪ್ಪಿಸಿಕೊಂಡು ಓಡಿದ್ದ, ಆಮೇಲೆ ಹೋದ. ಇನ್ನು 40 ದಿನಕ್ಕೆ ನಿಮ್ಮ ಊರು ನಾಶ ಅಂತ ಸಾರಿದ. ಊರಿಗೆ ಊರೇ ತಪ್ಪಾಯಿತು ಅಂತ ಗೋಣಿತಟ್ಟು ಉಟ್ಟಿತು. ರಾಜ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ. ದೇವರು ಕೈ ತಡೆದ. ಸಾರಿದವನಿಗೆ ಸಂತೋಷ ಆಗಬೇಕಿತ್ತು, ಅಲ್ವಾ? ಯೋನ ಮುನಿಸಿಕೊಂಡ. ನೀನು ದೀರ್ಘಶಾಂತ, ಬೇಗ ಸಿಟ್ಟಾಗದವನು ಅಂತ ಗೊತ್ತಿತ್ತು, ಅದಕ್ಕೇ ಮೊದಲೇ ಓಡಿಹೋಗಿದ್ದೆ ಅಂತ ದೇವರ ಜೊತೆಗೇ ಜಗಳ ತೆಗೆದ. ಕೊನೆಗೆ ದೇವರು ಕೇಳಿದ್ದು ಇಷ್ಟೇ: ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ ಅಲ್ಲಿದ್ದಾರೆ, ದನಗಳೂ ಬಹಳ ಇವೆ, ನಾನು ಕನಿಕರಪಡಬಾರದಾ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಏನಂದ ಅಂತ ಬರೆದಿಲ್ಲ. ಅಷ್ಟು ಸಿಟ್ಟಿನ ನಡುವೆ ದನಗಳ ಮಾತು ಬರುವುದು ನನಗೆ ತುಂಬಾ ಇಷ್ಟ.

ಯೇಸುವಿನ ಹತ್ತಿರವೂ ಜನ ಇಂಥದ್ದೇ ಮಾತು ತೆಗೆದಿದ್ದರು. ಲೂಕನ ಸುವಾರ್ತೆ 13ನೇ ಅಧ್ಯಾಯ ನೋಡು. ಯಜ್ಞ ಮಾಡುತ್ತಿದ್ದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಸುದ್ದಿ ತಂದರು. ಯೆರೂಸಲೇಮಿನ ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ 18 ಮಂದಿಯನ್ನು ಯೇಸುವೇ ನೆನಪಿಸಿದ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾ? ಅಲ್ಲ ಅಂದ. ನೀವು ಮನಸ್ಸು ತಿರುಗಿಸದಿದ್ದರೆ ನಿಮ್ಮ ಗತಿಯೂ ಹಾಗೇ ಅಂದ. ಬೇರೆಯವರ ಲೆಕ್ಕ ಕೇಳಲು ಬಂದವರ ಕೈಗೆ ಅವರ ಲೆಕ್ಕವನ್ನೇ ಕೊಟ್ಟ.

ಅದರ ಬೆನ್ನಿಗೇ ಅಂಜೂರದ ಮರದ ಕಥೆ ಬರುತ್ತದೆ. ಮೂರು ವರ್ಷದಿಂದ ಒಂದು ಹಣ್ಣೂ ಇಲ್ಲ, ಕಡಿದುಬಿಡು ಅಂದ ಯಜಮಾನ. ತೋಟ ನೋಡಿಕೊಳ್ಳುವವನು, ಈ ವರ್ಷವೊಂದು ಬಿಡಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂದ. ನಾವು ದೇವರ ತಾಳ್ಮೆ ಅಂದರೆ ಕೈಕಟ್ಟಿ ಕೂರುವುದು ಅಂದುಕೊಂಡಿದ್ದೇವೆ. ಇಲ್ಲಿ ನೋಡಿದರೆ ಗುದ್ದಲಿ ಬುಡಕ್ಕೇ ಬೀಳುತ್ತಿದೆ. ಬುಡ ಅಗೆಸಿಕೊಳ್ಳುವುದು ಮರಕ್ಕೇನು ಹಿತವಾಗಿರುತ್ತಾ? ಮನಸ್ಸು ಚುಚ್ಚುತ್ತದೆ, ಯಾರೋ ನೇರವಾಗಿ ಕೇಳುತ್ತಾರೆ, ನಿದ್ದೆ ಕೆಡುತ್ತದೆ. ಅದನ್ನೂ ನಾನು ಅವನ ತಾಳ್ಮೆಯ ಲೆಕ್ಕಕ್ಕೇ ಸೇರಿಸುತ್ತೇನೆ. ಆದರೆ ಮರ ಕೇಳಿದಷ್ಟು ವರ್ಷ ಅಲ್ಲ, ಒಂದು ವರ್ಷ. ಹಣ್ಣು ಬಿಡದಿದ್ದರೆ ಕಡಿಯಿರಿ ಅಂತ ಆ ತೋಟದವನೇ ಹೇಳಿದ್ದಾನೆ.

ನಿನ್ನ ಪತ್ರದ ಕೊನೆಯ ಸಾಲಿನ ಬಗ್ಗೆಯೂ ಮಾತಾಡಬೇಕು. ವ್ಯಾಪಾರ ಅಂದಮೇಲೆ ಸ್ವಲ್ಪ ಸುಳ್ಳು ಬಿಲ್ಲು ಇದ್ದದ್ದೇ, ದೇವರು ದಿಂಡರನ್ನೆಲ್ಲ ವಯಸ್ಸಾದ ಮೇಲೆ ನೋಡಿಕೊಳ್ಳೋಣ ಅಂದೆ. ತಮಾಷೆಗೇ ಬರೆದಿರಬಹುದು. ತಪ್ಪಿಗೆ ತಕ್ಷಣ ಶಿಕ್ಷೆ ಆಗದ್ದರಿಂದ ಜನರಿಗೆ ಧೈರ್ಯ ಬರುತ್ತದೆ ಅನ್ನುತ್ತದೆ ಬೈಬಲಿನ ಪ್ರಸಂಗಿ ಪುಸ್ತಕ. ನಿನ್ನ ಪಾಲುದಾರನಿಗೆ ಬಂದಿರುವುದು ಅದೇ ಧೈರ್ಯ. ನಿನಗೆ?

ಪಾಪ ಬಿಡುವುದು ಅಂದರೆ ಸುಮ್ನೆ ಕಣ್ಣೀರು ಹಾಕುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಲೂಕನ ಸುವಾರ್ತೆಯಲ್ಲೇ ಬರುವ ಜಕ್ಕಾಯ ಅತ್ತ ಅಂತ ಎಲ್ಲೂ ಬರೆದಿಲ್ಲ. ಅವನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು. ಯೇಸು ಮನೆಗೆ ಬಂದಾಗ ಎದ್ದು ನಿಂತು ಹೇಳಿದ್ದು ಬರೀ ಲೆಕ್ಕದ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅಂತ ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ನಿಯಮ ಇತ್ತು. ನಾಲ್ಕರಷ್ಟು ಕೊಡು ಅಂತ ಯೇಸುವೂ ಕೇಳಿರಲಿಲ್ಲ. ಊರವರೆಲ್ಲ ಪಾಪಿ ಅಂತ ಗೊಣಗುತ್ತಿದ್ದಾಗ ಅವನ ಮನೆಗೆ ಅತಿಥಿಯಾಗಿ ಹೋದ, ಅಷ್ಟೇ.

ನೀನು ನಾಲ್ಕರಷ್ಟು ಕೊಡು ಅಂತ ನಾನು ಹೇಳುತ್ತಿಲ್ಲ. ಆ ಬಿಲ್ಲುಗಳನ್ನು ಹೊರಗೆ ತೆಗೆ. ಯಾರಿಗೆ ಎಷ್ಟು ಜಾಸ್ತಿ ಹಾಕಿದ್ದೀಯ, ಪಕ್ಕದಲ್ಲಿ ಬರೆದುಕೊಂಡು ಹೋಗು. ಒಬ್ಬನೇ ಕೂರೋಕೆ ಬೇಜಾರಾದರೆ ಹೇಳು, ಭಾನುವಾರ ಬರುತ್ತೇನೆ. ಪಾಲುದಾರನ ಕಾಗದಪತ್ರಗಳನ್ನೂ ತೆಗೆದಿಟ್ಟಿರು, ಅವನ್ನೂ ನೋಡೋಣ.

ನಿನ್ನ ಗೆಳೆಯ