ಸ್ಲಂಬರ್ ಹಿಂದೆ ಹೋಗಿ ಬರೆದ ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪದಬಂಧದಲ್ಲಿ ನಿದ್ದೆ ಅನ್ನುವ ಅರ್ಥದ ಇಂಗ್ಲಿಷ್ ಪದ ಸ್ಲಂಬರ್ ಇತ್ತಲ್ಲ, ಆ ಪದ ನನ್ನನ್ನು ಬಿಡುತ್ತಿಲ್ಲ. ಅದರ ಮೂಲ ಹಳೆಯ ಇಂಗ್ಲಿಷಿನ ಸ್ಲೂಮ. ಅಂದರೆ ಹಗುರ ನಿದ್ದೆ, ನಮ್ಮ ಕೋಳಿನಿದ್ದೆ. ಆಗ ಅದರಲ್ಲಿ ‘ಬ’ ಇರಲೇ ಇಲ್ಲ. ‘ಮ’ಕಾರಕ್ಕೆ ಮುಚ್ಚಿದ ತುಟಿ ಮುಂದಿನ ‘ರ’ಕಾರಕ್ಕೆ ಬಿಚ್ಚಿಕೊಳ್ಳುವಾಗ ನಡುವೆ ಸುಮ್ನೆ ಹುಟ್ಟಿಕೊಂಡಿತು. ಮಾವಿಗೆ ಸಂಸ್ಕೃತದಲ್ಲಿರುವ ಆಮ್ರ ಪ್ರಾಕೃತದಲ್ಲಿ ಅಂಬ ಆಗಿ ಮರಾಠಿಯ ಆಂಬಾ ಆಯಿತಲ್ಲ, ಅಲ್ಲೂ ಇದೇ ಕಥೆ. ಸ್ಲಂಬರ್‌ನ ನೆಂಟ, ಜರ್ಮನ್ನರ ಶ್ಲುಮರ್ನ್‌ಗೆ ಇವತ್ತಿಗೂ ‘ಬ’ ಇಲ್ಲ. ಇಂಥದ್ದು ಸಿಕ್ಕಿದರೆ ನನಗೆ ಹಬ್ಬ, ನಿನಗೆ ಗೊತ್ತಲ್ವಾ.

ಪದ ಹಿಡಿದು ಹೊರಟವನು ನಿದ್ದೆಯ ವಿಜ್ಞಾನಕ್ಕೆ ಹೋದೆ. ದೊಡ್ಡವರ ರಾತ್ರಿಯ ನಿದ್ದೆಯಲ್ಲಿ ಸುಮಾರು ಅರ್ಧ ಪಾಲು ‘ಎರಡನೇ ಹಂತ’ದ ಹಗುರ ನಿದ್ದೆಯಂತೆ. 1960ರಲ್ಲಿ ನಿದ್ದೆಯ ಸಂಶೋಧಕ ಇಯಾನ್ ಓಸ್ವಾಲ್ಡ್ ಮತ್ತು ಜೊತೆಗಾರರು ಮಲಗಿದವರಿಗೆ ಟೇಪಿನಲ್ಲಿ ಹೆಸರುಗಳನ್ನು ಕೇಳಿಸಿದರು. ಅವರವರ ಹೆಸರು ಬಂದಾಗ ಮೆದುಳಿನ ಅಲೆ ಜಾಸ್ತಿ ಸಲ ಎದ್ದು ಬಿತ್ತು. ಬೇರೆ ಹೆಸರಿಗೆ ಅಷ್ಟಿಲ್ಲ. ಆ ಅಲೆಗೆ ಕೆ-ಕಾಂಪ್ಲೆಕ್ಸ್ ಅನ್ನುತ್ತಾರೆ. ಮಲಗಿದಾಗಲೂ ಯಾವ ಸದ್ದು ನಮ್ಮದು ಅಂತ ಒಳಗೆ ಯಾರೋ ಆರಿಸುತ್ತಿರುತ್ತಾರೆ!

ಓದುತ್ತಾ ಓದುತ್ತಾ ಕೈ ನಿಂತಿತು. ಅಪ್ಪ ಈಗ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ರಸ್ತೆಯಲ್ಲಿ ಲಾರಿ ಹೋದರೆ ನನಗೆ ಗೊತ್ತಾಗುವುದಿಲ್ಲ. ಅವರು ಒಮ್ಮೆ ಕೆಮ್ಮಿದರೆ ಎದ್ದು ಕೂತಿರುತ್ತೇನೆ. ನಿದ್ದೆ ಸರಿಯಿಲ್ಲ ಅಂತ ಡಾಕ್ಟರಿಗೆ ಹೇಳಿದೆ, ಮಾತ್ರೆ ಮಾತ್ರ ಬೇಡ ಅಂದೆ. ಯಾಕೆ ಅಂತ ಯಾರಿಗೂ ಹೇಳಿಲ್ಲ. ಅಮ್ಮ ಹೋದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂದಿತ್ತು ಕಣೋ. ಎಷ್ಟೋ ವಾರಗಳ ಮೇಲೆ ಬಂದ ನಿದ್ದೆ. ಕರೆದಿದ್ದಳೋ ಇಲ್ಲವೋ. ಕರೆದಿದ್ದರೆ ನನ್ನ ಹೆಸರನ್ನೇ ಕರೆದಿರುತ್ತಾಳೆ. ಆ ಪ್ರಯೋಗದ ವಿಷಯ ಓದಿದ ಮೇಲೆ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ. ಎಚ್ಚರವಾಗಲಿಲ್ಲ ಅಂದರೆ ಕರೆದಿರಲಿಲ್ಲ ಅಂತ ನಂಬಲು ನೋಡುತ್ತಿದ್ದೇನೆ.

ಇಷ್ಟೆಲ್ಲ ಎಲ್ಲರೆದುರು ಬರೆಯುವ ಯೋಚನೆ ಇರಲಿಲ್ಲ. ಇರಲಿ ಬಿಡು. ಪುಟ್ಟಿಗೆ ಹಲ್ಲು ಬಂತಾ? ಮುಂದಿನ ತಿಂಗಳು ಬರುವಾಗ ಛತ್ರಿ ಮರೆಯಬೇಡ, ಈ ಸಲ ಕ್ಷಮೆ ಇಲ್ಲ. ಅಪ್ಪ ನಿನಗೆ ಅಂತ ಹಲಸಿನ ಹಪ್ಪಳ ಎತ್ತಿಟ್ಟಿದ್ದಾರೆ. ನೀನು ಬರುವವರೆಗೆ ನಾನು ಡಬ್ಬಿ ಮುಟ್ಟುವ ಹಾಗಿಲ್ಲವಂತೆ. ಬೇಗ ಬಾ.

ನಿನ್ನ,
ಮೂರನೇ ಬೆಂಚಿನವನು