ಸಿಂಟ್ ಮಾರ್ಟನ್‌ನಲ್ಲಿ ಒಂದು ಹಗಲು: ಹಡಗು ಹತ್ತಲಿರುವ ಗೆಳೆಯನಿಗೆ

ಗೆಳೆಯಾ,

ಕೆರಿಬಿಯನ್ ಸಮುದ್ರದ ಕ್ರೂಸ್ ಬಗ್ಗೆ ನೀನು ಕಳಿಸಿದ ಮೆಸೇಜ್ ನಿನ್ನೆ ರಾತ್ರಿ ಓದಿದೆ. "ಹಡಗು ಸಿಂಟ್ ಮಾರ್ಟನ್‌ನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನಿಲ್ಲುತ್ತೆ, ಒಂಬತ್ತು ಗಂಟೆಯಲ್ಲಿ ಮೂರು ಬೀಚ್ ಆರಾಮಾಗಿ ಮುಗಿಸಬಹುದಲ್ವಾ?" ಅಂತ ಕೇಳಿದ್ದೀಯ. ಮುಗಿಸಬಹುದು ಮಾರಾಯ, ಟ್ಯಾಕ್ಸಿಯ ಕಿಟಕಿಯಿಂದ. ಮೊದಲ ಸಲ ಹೋದಾಗ ನಾನು ಮಾಡಿದ್ದೂ ಅದನ್ನೇ. ಎರಡನೇ ಸಲ ಒಂದೂವರೆ ಬೀಚ್ ನೋಡಿದೆವು, ಮನೆಯವರೆಲ್ಲ ಈಗಲೂ ಆ ದಿನದ ಮಾತನ್ನೇ ಆಡ್ತಾರೆ. ಆ ಅರ್ಧದ ಕಥೆ ಆಮೇಲೆ ಹೇಳ್ತೀನಿ.

ಮೊದಲು ನಿನ್ನ ಒಂಬತ್ತು ಗಂಟೆಯನ್ನು ಒಡೆದು ನೋಡು. ಹಡಗು ಎಂಟಕ್ಕೆ ಕಟ್ಟೆಗೆ ತಾಗಿದರೂ ದ್ವೀಪದ ಅಧಿಕಾರಿಗಳು ಕಾಗದಪತ್ರ ನೋಡಿ ಒಪ್ಪಿಗೆ ಕೊಡುವವರೆಗೆ ಒಬ್ಬರನ್ನೂ ಇಳಿಸಲ್ಲ. ಸಂಜೆ ಐದು ಅನ್ನೋದು ಹಡಗು ಹೊರಡುವ ಹೊತ್ತು. ನೀನು ಹತ್ತಿ ಮುಗಿಸಿರಬೇಕಾದ್ದು ಅದಕ್ಕಿಂತ ಅರ್ಧ ಗಂಟೆ ಮುಂಚೆ, ಕೆಲವು ಹಡಗುಗಳಲ್ಲಿ ಒಂದು ಗಂಟೆಯೇ ಮುಂಚೆ. ಲಿಫ್ಟಿಗೆ ಕಾದು, ಕಟ್ಟೆಯ ಉದ್ದಕ್ಕೂ ನಡೆದು, ಟ್ಯಾಕ್ಸಿ ಸಾಲು ಸೇರುವ ಹೊತ್ತಿಗೆ ಇನ್ನೊಂದು ಅರ್ಧ ಗಂಟೆ ಹೋಗಿರುತ್ತೆ. ಕೈಗೆ ಸಿಗೋದು ಏಳು ಗಂಟೆ ಅಂದುಕೋ. ಅದರಲ್ಲಿ ರಸ್ತೆ ಎಷ್ಟು ನುಂಗುತ್ತೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ದ್ವೀಪ ತುಂಬ ಚಿಕ್ಕದು, ಒಟ್ಟು 87 ಚದರ ಕಿಲೋಮೀಟರ್ ಅಷ್ಟೇ. ಅದನ್ನೂ 1648ರ ಒಪ್ಪಂದದಲ್ಲಿ ಡಚ್ಚರು ಮತ್ತು ಫ್ರೆಂಚರು ಪಾಲು ಮಾಡಿಕೊಂಡಿದ್ದಾರೆ. ದಕ್ಷಿಣಕ್ಕೆ ಡಚ್ ಸಿಂಟ್ ಮಾರ್ಟನ್, ಉತ್ತರಕ್ಕೆ ಫ್ರೆಂಚ್ ಸೇಂಟ್ ಮಾರ್ಟಿನ್. ನಡುವೆ ಗೇಟಿಲ್ಲ, ತಪಾಸಣೆಯಿಲ್ಲ. ಒಂದು ಫಲಕ ದಾಟಿದರೆ ಬೇರೆ ದೇಶ. ನಿನ್ನ ಹಡಗು ನಿಲ್ಲೋದು ಡಚ್ ಕಡೆಯ ಫಿಲಿಪ್ಸ್‌ಬರ್ಗ್ ಪಕ್ಕದ ಬಂದರಿನಲ್ಲಿ. ಆ ಕಡೆಯ ಜನಸಂಖ್ಯೆಯೇ ಸುಮಾರು 40,000. ಓಯಸಿಸ್ ವರ್ಗ ಅನ್ನುವ ದೈತ್ಯ ಹಡಗುಗಳಲ್ಲಿ ಒಂದರಲ್ಲಿ, ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ, 5,000ಕ್ಕಿಂತ ಹೆಚ್ಚು ಜನ ಇರ್ತಾರೆ. ಅಂಥದ್ದೊಂದರ ಪಕ್ಕ ಇನ್ನೂ ನಾಲ್ಕು ಹಡಗು ನಿಂತ ದಿನ ಬೆಳಿಗ್ಗೆ ಹತ್ತಕ್ಕೆ ಇಳಿದೆವು ನಾವು, ಮೊದಲ ಸಲ. ಹೊಟ್ಟೆ ತುಂಬ ತಿಂಡಿ ತಿಂದು, ನಿಧಾನವಾಗಿ. ರಜೆ ಅಲ್ವಾ!

ಹಾಗಾಗಿ ನೀನು ಮಾಡಬೇಕಾದ ಮೊದಲ ಕೆಲಸ ಬೀಚ್ ಆರಿಸೋದಲ್ಲ, ಹಡಗು ಎಣಿಸೋದು. ಯಾವ ದಿನ ಯಾವ ಹಡಗು ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟಕ್ಕೆ ಹೊರಡುತ್ತೆ ಅನ್ನುವ ಬಂದರಿನ ಪಟ್ಟಿ ತಿಂಗಳುಗಳ ಮುಂಚೆಯೇ ಸಿಗುತ್ತೆ. ಕ್ರೂಸ್‌ಮ್ಯಾಪರ್ ಥರದ ತಾಣಗಳಲ್ಲಿ ನೋಡು. ಶನಿವಾರ, ಭಾನುವಾರ ಫ್ಲಾರಿಡಾ ಬಿಟ್ಟ ಹಡಗುಗಳಿಗೆ ಇಲ್ಲಿಗೆ ಬರಲು ಎರಡು ಮೂರು ದಿನ ಬೇಕು, ಅದಕ್ಕೇ ಚಳಿಗಾಲದಲ್ಲಿ ಮಂಗಳವಾರ, ಬುಧವಾರ ಬಂದರು ತುಂಬಿ ತುಳುಕೋದು. ಎಷ್ಟು ಹಡಗು ಅನ್ನೋದಕ್ಕಿಂತ ಅವು ಹೊರಡುವ ಹೊತ್ತು ಇನ್ನೂ ಮುಖ್ಯ. ನಾಲ್ಕು ಹಡಗೂ ಐದಕ್ಕೇ ಹೊರಡೋದಾದರೆ, ಮೂರೂವರೆಗೆ ಇಡೀ ದ್ವೀಪದ ಟ್ಯಾಕ್ಸಿಗಳು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ.

ಆ ದಿನ ನಮಗೆ ಆದದ್ದೂ ಅದೇ. ಮಾಹೋ ಬೀಚ್‌ಗೆ ಹೋಗಿದ್ದೆವು. ಗೊತ್ತಲ್ಲ, ವಿಮಾನ ತಲೆಯ ಮೇಲೇ ಇಳಿಯುವ ಆ ಬೀಚ್. ಬಂದರಿನಿಂದ ಹದಿನಾಲ್ಕು ಹದಿನೈದು ಕಿಲೋಮೀಟರ್ ಇರಬೇಕು. ಹೋಗುವಾಗ ವ್ಯಾನ್ ತುಂಬುವವರೆಗೆ ಕಾಯಿಸಿದರು, ಹನ್ನೊಂದೂಮುಕ್ಕಾಲಿಗೆ ತಲುಪಿದೆವು. ಮರಳು ಕಾಣಿಸ್ತಿರಲಿಲ್ಲ, ಬರೀ ತಲೆ. ಎತ್ತಿ ಹಿಡಿದ ಫೋನುಗಳ ಕಾಡಿನಲ್ಲಿ ನಾನೂ ಒಂದು ಗಿಡವಾಗಿ ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಫೋನ್ ನೋಡಿದರೆ 2:10. ಇನ್ನೊಂದು ಗಂಟೆ ಇದ್ದು ಹೊರಡೋಣ ಅಂದೆ. ನನ್ನ ಹೆಂಡತಿ ತನ್ನ ಕೈಗಡಿಯಾರ ನೋಡಿ ಏನೂ ಮಾತಾಡದೆ ನನ್ನ ಕಡೆ ತಿರುಗಿಸಿದಳು. ಅದರಲ್ಲಿ 3:10.

ಏನಾಗಿತ್ತು ಅಂದರೆ, ದ್ವೀಪದ ಗಡಿಯಾರ ವರ್ಷವಿಡೀ ಬದಲಾಗಲ್ಲ. ಫ್ಲಾರಿಡಾ ಚಳಿಗಾಲದಲ್ಲಿ ಒಂದು ಗಂಟೆ ಹಿಂದಿರುತ್ತೆ, ಬೇಸಿಗೆಯಲ್ಲಿ ಎರಡೂ ಒಂದೇ. ಹಿಂದಿನ ರಾತ್ರಿ ಹಡಗಿನವರು ಗಡಿಯಾರ ಮುಂದೆ ಮಾಡಿ ಅಂತ ಚೀಟಿ ಇಟ್ಟಿದ್ದರು, ಅವಳು ಓದಿದ್ದಳು. ನನ್ನ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿ ಮಲಗಿ ಫ್ಲಾರಿಡಾದಲ್ಲೇ ಉಳಿದಿತ್ತು. ಎಲ್ಲ ಹಡಗುಗಳೂ ಹೀಗೆ ಗಡಿಯಾರ ಬದಲಿಸಲ್ಲ, ಕೆಲವು ಹೊರಟ ಊರಿನ ಸಮಯವನ್ನೇ ಕೊನೆತನಕ ಇಟ್ಟುಕೊಳ್ತವೆ. ಅದಕ್ಕೆ ಇಳಿಯುವ ಬಾಗಿಲಲ್ಲಿ ನಿಂತಿರುವವರನ್ನು "ಹಡಗಿನ ಸಮಯ ಈಗ ಎಷ್ಟು?" ಅಂತ ಬಾಯಿಬಿಟ್ಟು ಕೇಳು. ಒಂದು ಕೈಗಡಿಯಾರವನ್ನು ಆ ಸಮಯಕ್ಕೆ ತಿರುಗಿಸಿ ಅತ್ತಿಗೆಯ ಕೈಗೆ ಕಟ್ಟು. ನಿನ್ನ ಕೈಗೆ ಬೇಡ, ನಿನ್ನನ್ನು ನಾನು ಬಲ್ಲೆ.

ಆಮೇಲೆ ರಸ್ತೆ. ಮಾಹೋದಿಂದ ಬಂದರಿಗೆ ಬರಬೇಕಾದರೆ ಸಿಂಪ್ಸನ್ ಬೇ ದಾಟಬೇಕು, ಅಲ್ಲೊಂದು ಮೇಲಕ್ಕೆತ್ತುವ ಸೇತುವೆ. ಒಳಗಿನ ಲಗೂನ್‌ಗೆ, ಅಂದರೆ ಸಮುದ್ರಕ್ಕೆ ಕೂಡಿಕೊಂಡ ಉಪ್ಪುನೀರಿನ ಸರೋವರಕ್ಕೆ, ಹೋಗುವ ದೋಣಿಗಳಿಗಾಗಿ ದಿನಕ್ಕೆ ಕೆಲವು ಸಲ ಅದು ಬಾಯಿ ತೆರೆಯುತ್ತೆ, ಆಗ ವಾಹನಗಳು ನಿಂತಲ್ಲೇ ನಿಲ್ಲಬೇಕು. 2013ರಲ್ಲಿ ಲಗೂನ್ ಮೇಲೆ ಇನ್ನೊಂದು ಸೇತುವೆ ಬಂದ ಮೇಲೂ ಸಂಜೆಯ ಸಾಲು ಕರಗಿಲ್ಲ. ಆಮೇಲೆ ಕೋಲ್ ಬೇ ಗುಡ್ಡದ ಏರು. ಅಲ್ಲಿ ನಾವು ಎಷ್ಟು ನಿಧಾನ ಹೋಗ್ತಿದ್ದೆವು ಅಂದರೆ, ರಸ್ತೆ ಬದಿಯಲ್ಲಿ ಮರಿ ಕಟ್ಟಿಕೊಂಡು ಹೊರಟಿದ್ದ ಆಡೊಂದು ನಮ್ಮನ್ನು ಹಿಂದೆ ಹಾಕಿತು. ಚಾಲಕ ಮಾತ್ರ ಶಾಂತವಾಗಿ ರೇಡಿಯೋ ಜೊತೆ ಗುನುಗ್ತಿದ್ದ. ಹತ್ತಲು ಕೊನೆಯ ಹೊತ್ತು 4:30. ನಾವು ಕಟ್ಟೆ ಮುಟ್ಟಿದ್ದು 4:24ಕ್ಕೆ. ಹಡಗಿನ ಮೇಲಿನ ಅಂತಸ್ತಿನಿಂದ ನೂರಾರು ಜನ ನಮ್ಮ ಓಟ ನೋಡಿ ಚಪ್ಪಾಳೆ ತಟ್ಟಿದರು. ಅವರಿಗೆ ಅದು ಸಂಜೆಯ ಮನರಂಜನೆ ಕಣೋ.

ಹಡಗಿನವರೇ ಮಾರುವ ಪ್ರವಾಸ ತಗೊಂಡರೆ ತಡವಾದರೂ ಹಡಗು ಕಾಯುತ್ತೆ. ನಾವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಕಾಯಲ್ಲ. ಆ ಒಂದು ಭರವಸೆಗೇ ಅವರು ಅಷ್ಟು ದುಡ್ಡು ತಗೊಳ್ಳೋದು ಅಂತ ನನ್ನ ಲೆಕ್ಕ. ಆದರೆ ಅದರಲ್ಲಿ ಹೋದರೆ ನಲವತ್ತು ಜನರ ಜೊತೆಗೇ ಇಳಿಯಬೇಕು, ನಲವತ್ತು ಜನರ ಜೊತೆಗೇ ಏಳಬೇಕು. ಜನಜಂಗುಳಿ ತಪ್ಪಿಸಲು ಹೊರಟವನು ಅದನ್ನು ಬಸ್ಸಿನಲ್ಲಿ ಜೊತೆಗೇ ಒಯ್ದ ಹಾಗೆ.

ಹಾಗಾದರೆ ಏನು ಮಾಡಬೇಕು? ಖಾಲಿ ಬೀಚ್ ಹುಡುಕಬೇಡ. ಅಷ್ಟು ಚಿಕ್ಕ ದ್ವೀಪದಲ್ಲಿ ಗುಟ್ಟಿನ ಬೀಚ್ ಅಂತ ಯಾವುದೂ ಉಳಿದಿಲ್ಲ, ಖಾಲಿ ಹೊತ್ತು ಮಾತ್ರ ಉಳಿದಿದೆ. ಬಹಳ ಜನ ತಿಂಡಿ ಮುಗಿಸಿ ಮೊದಲು ಹತ್ತಿರದ ಪೇಟೆ ಸುತ್ತಿ, ಮಧ್ಯಾಹ್ನ ದೂರದ ಬೀಚ್‌ಗೆ ಹೋಗಿ, ಸಂಜೆ ಓಡೋಡಿ ಬರ್ತಾರೆ. ನೀನು ಅದನ್ನು ತಿರುಗುಮುರುಗು ಮಾಡು. ಬೆಳಿಗ್ಗೆ ಮೊದಲ ಗುಂಪಿನಲ್ಲಿ ಇಳಿದು ದೂರದ್ದಕ್ಕೆ ಹೋಗು, ಒಂದೂವರೆಗೆ ಅಲ್ಲಿಂದ ಹೊರಟು ಕೊನೆಯ ಹೊತ್ತನ್ನು ಹಡಗು ಕಾಣುವಷ್ಟು ಹತ್ತಿರದಲ್ಲಿ ಕಳೆ. ಆಮೇಲೆ ಟ್ರಾಫಿಕ್ ಎಷ್ಟು ಕಟ್ಟಿಕೊಂಡರೂ ನಿನಗೇನು?

ದೂರದ್ದು ಯಾವುದು ಅನ್ನೋದನ್ನು ಗಾಳಿ ಹೇಳುತ್ತೆ. ಇಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸೋದು. ಬೇಸಿಗೆಯಲ್ಲಿ ಸಾರ್ಗಾಸಮ್ ಅನ್ನುವ ಕಂದು ಪಾಚಿಯನ್ನು ಅದು ಪೂರ್ವದ ದಡಗಳಿಗೆ ತಂದು ಗುಡ್ಡೆ ಹಾಕುತ್ತೆ, 2011ರಿಂದ ಕೆರಿಬಿಯನ್‌ಗೆ ಅಂಟಿದ ಕಾಟ ಅದು. ಕೊಳೆತರೆ ಮೊಟ್ಟೆ ಕೆಟ್ಟ ವಾಸನೆ. ಚಳಿಗಾಲದಲ್ಲಿ ಆ ಕಾಟ ಕಡಿಮೆ. ಆದರೆ ಆಗ ಉತ್ತರ ಅಟ್ಲಾಂಟಿಕ್‌ನಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಉರುಳಿ ಬಂದು ಪಶ್ಚಿಮದ ಮಲೆಟ್ ಬೇಯಂಥ ಕಡೆ ಬಡಿಯುತ್ತವೆ. ಇಲ್ಲಿ ಬಿರುಗಾಳಿಯೇ ಇರಲ್ಲ, ಆಕಾಶ ತಿಳಿಯಾಗಿರುತ್ತೆ, ಅಲೆ ಮಾತ್ರ ಆಳೆತ್ತರ. ನೀನು ಹೋಗೋದು ಜನವರಿಯಲ್ಲಿ, ಜೊತೆಗೆ ಆರು ವರ್ಷದ ಪುಟ್ಟಿ, ಮೊಣಕಾಲು ನೋವಿನ ಅಮ್ಮ. ಹಾಗಾಗಿ ಪೂರ್ವಕ್ಕೇ ಹೋಗು, ಫ್ರೆಂಚ್ ಕಡೆಯ ಗ್ಯಾಲಿಯನ್ ಬೀಚ್‌ಗೆ.

ನಾವು ಎರಡನೇ ಸಲ ಹೋದದ್ದು ಅಲ್ಲಿಗೇ. ಒಂಬತ್ತಕ್ಕೆ ಮುಂಚೆ ತಲುಪಿದೆವು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹವಳದ ದಿಬ್ಬ ಇದೆ, ದೊಡ್ಡ ಅಲೆಗಳೆಲ್ಲ ಅಲ್ಲೇ ದೂರದಲ್ಲಿ ಬೆಳ್ಳಗೆ ಒಡೆದು ಸುಸ್ತಾಗ್ತವೆ. ಒಳಗೆ ನೀರು ತಟ್ಟೆಯಲ್ಲಿಟ್ಟ ಹಾಗೆ. ಎಷ್ಟೋ ದೂರ ನಡೆದರೂ ಸೊಂಟ ದಾಟಲಿಲ್ಲ. ನನ್ನ ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತವರು ನಲವತ್ತು ನಿಮಿಷ ಕದಲಲಿಲ್ಲ. ಏನಮ್ಮಾ ಅಂದರೆ, ಕಾಲ ಹತ್ತಿರ ಬರುವ ಬೆರಳುದ್ದದ ಮೀನುಗಳನ್ನು ಎಣಿಸ್ತಿದ್ದೀನಿ, ಮಾತಾಡಿಸಿ ಲೆಕ್ಕ ತಪ್ಪಿಸಬೇಡ ಅಂದರು. ಆ ಹೊತ್ತಿಗೆ ದಡದಲ್ಲಿ ನಮ್ಮನ್ನು ಬಿಟ್ಟರೆ ಎರಡೋ ಮೂರೋ ಕುಟುಂಬ. ಹನ್ನೊಂದರ ನಂತರ ಜನ ಬರತೊಡಗಿದರು. ಆಗ ನಮಗೆ ಹೊಟ್ಟೆಕಿಚ್ಚೂ ಇರಲಿಲ್ಲ, ಬೇಸರವೂ ಇರಲಿಲ್ಲ, ನಮ್ಮ ಪಾಲು ಮುಗಿದಿತ್ತು.

ಪಕ್ಕದ ಓರಿಯೆಂಟ್ ಬೇ ಹೆಚ್ಚು ಹೆಸರುವಾಸಿ, ಉದ್ದದ ಬಿಳಿ ಮರಳು, ಸಾಲು ಕುರ್ಚಿ, ಹಡಗಿನ ಬಸ್ಸುಗಳೂ ಅಲ್ಲಿಗೇ. ಅದರ ದಕ್ಷಿಣದ ತುದಿಗೆ ಅಮ್ಮನನ್ನು ಕರ್ಕೊಂಡು ವಾಕಿಂಗ್ ಹೋಗಬೇಡ, ಅಲ್ಲಿ ಬಟ್ಟೆ ಕಡ್ಡಾಯವಲ್ಲ. ಪಿನೆಲ್ ದ್ವೀಪ ಚೆಂದ, ದೋಣಿಯಲ್ಲಿ ಐದು ಹತ್ತು ನಿಮಿಷ. ಆದರೆ ಹಡಗಿನಲ್ಲಿ ಬಂದವರಿಗೆ ಅದು ಇನ್ನೊಂದು ಕಾಯುವ ಸಾಲು, ಈ ಸಲ ಬಿಡು.

ಟ್ಯಾಕ್ಸಿ ದರ ಸರ್ಕಾರ ನಿಗದಿ ಮಾಡಿದ್ದು, ಚೌಕಾಸಿಗೆ ಜಾಗವಿಲ್ಲ. ಇಬ್ಬರಿಗಿಂತ ಹೆಚ್ಚಾದರೆ ತಲೆಗಿಷ್ಟು ಸೇರುತ್ತೆ, ಹತ್ತುವ ಮುಂಚೆ ಒಟ್ಟು ಎಷ್ಟು ಅಂತ ಕೇಳಿಬಿಡು. ಡಚ್ ಕಡೆ 2025ರಿಂದ ಕೆರಿಬಿಯನ್ ಗಿಲ್ಡರ್ ಬಂದಿದೆ, ಫ್ರೆಂಚ್ ಕಡೆ ಯೂರೋ, ಆದರೂ ಡಾಲರ್ ಎರಡೂ ಕಡೆ ನಡೆಯುತ್ತೆ. ಚಿಲ್ಲರೆ ನೋಟು ಇಟ್ಟುಕೋ. ವಾಪಸ್ ಬರೋದಕ್ಕೆ ಅದೇ ಚಾಲಕನ ಜೊತೆ ಹೊತ್ತು ಗೊತ್ತು ಮಾಡಿಕೋ, ದುಡ್ಡನ್ನು ಬಂದರಿಗೆ ಮರಳಿದ ಮೇಲೆ ಕೊಡ್ತೀನಿ ಅನ್ನು. ಫೋನ್ ಮಾಡಿ ಕರೆದರಾಯ್ತು ಅಂದುಕೊಳ್ಳಬೇಡ. ಡಚ್ ಕಡೆಯ ಕೋಡ್ ಬೇರೆ, ಫ್ರೆಂಚ್ ಕಡೆಯದು ಬೇರೆ. ಗುಡ್ಡದ ಆಚೆ ಇರುವ ಚಾಲಕನಿಗೆ ಮಾಡುವ ಕರೆಯೂ ವಿದೇಶದ ಕರೆಯೇ.

ಇನ್ನು ಆ ಅರ್ಧ ಬೀಚ್. ಅದು ಫಿಲಿಪ್ಸ್‌ಬರ್ಗ್‌ನ ಗ್ರೇಟ್ ಬೇ, ಬಂದರಿನಿಂದ ನಡೆದೇ ಹೋಗಬಹುದು, ಇಲ್ಲವೇ ವಾಟರ್ ಟ್ಯಾಕ್ಸಿ. ಅಮ್ಮನ ಮೊಣಕಾಲಿಗೆ ವಾಟರ್ ಟ್ಯಾಕ್ಸಿಯೇ ಸರಿ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಕಾಲಿಡಲು ಜಾಗ ಇರಲ್ಲ. ಎರಡೂವರೆ, ಮೂರರ ಹೊತ್ತಿಗೆ ಬಿಸಿಲಲ್ಲಿ ಬೆಂದವರು ಎದ್ದು ಹಡಗಿನ ಕಡೆ ಹೊರಟಿರ್ತಾರೆ. ಆಗ ಬಿಟ್ಟುಹೋದ ಕುರ್ಚಿಗಳಲ್ಲಿ ಕೂತು ನಮ್ಮ ಹಡಗನ್ನೇ ನೋಡ್ತಾ ಒಂದು ಗಂಟೆ ಕಳೆದೆವು. ಮಗ ಮರಳಿನಲ್ಲಿ ಅದೇ ಹಡಗು ಕಟ್ಟಿದ. ಸ್ನಾನವಿಲ್ಲ, ಈಜಿಲ್ಲ, ಅದಕ್ಕೇ ಅರ್ಧ ಅಂದದ್ದು.

ಮಾಹೋ ನೋಡಲೇಬೇಕು ಅಂತ ಪುಟ್ಟಿ ಹಟ ಹಿಡಿದರೆ ಯೋಜನೆ ಪೂರ್ತಿ ಬದಲಾಗುತ್ತೆ. ಬೆಳಿಗ್ಗೆ ಮಲೆಟ್ ಬೇಗೆ ಹೋಗು. ಅಲೆ ಜೋರಿದ್ದರೆ ದಡದಲ್ಲೇ ಕೂರಿ. ಅಲ್ಲಿಂದ ಮಾಹೋ ಕಾಲ್ನಡಿಗೆಯ ದೂರ, ಅಮ್ಮನಿಗೆ ಮಾತ್ರ ಗಾಡಿ ನೋಡಬೇಕು. ಎರಡು ವಿಮಾನ ನೋಡಿ ಹೊರಟುಬಿಡಿ. ದೊಡ್ಡ ವಿಮಾನ ಬರಲಿ ಅಂತ ಕಾಯ್ತಾ ಕೂತರೆ ಕೋಲ್ ಬೇ ಗುಡ್ಡದ ಆಡಿನ ಪರಿಚಯ ನಿನಗೂ ಆಗುತ್ತೆ. ಒಂದು ಮಾತು ಮಾತ್ರ ತಮಾಷೆಯಲ್ಲ. ವಿಮಾನ ಹೊರಡುವಾಗ ರನ್‌ವೇ ಬೇಲಿಯ ಹತ್ತಿರ ಪುಟ್ಟಿಯನ್ನು ಬಿಡಬೇಡ. ಎಂಜಿನ್ನಿನ ಗಾಳಿ ದೊಡ್ಡವರನ್ನೂ ಎತ್ತಿ ಎಸೆಯುತ್ತೆ, 2017ರ ಜುಲೈನಲ್ಲಿ ನ್ಯೂಜಿಲೆಂಡಿನ ಒಬ್ಬ ಹೆಂಗಸು ಹಾಗೇ ಬಿದ್ದು ತೀರಿಕೊಂಡರು. ಎಚ್ಚರಿಕೆಯ ಫಲಕ ಅಲ್ಲೇ ಇದೆ, ಜನ ಅದರ ಪಕ್ಕ ನಿಂತೇ ಫೋಟೋ ತೆಗೆಸಿಕೊಳ್ತಾರೆ.

ನಿನ್ನ ಹಡಗಿನ ಹೆಸರು, ತಾರೀಖು ಕಳಿಸು. ಆ ದಿನ ಜೊತೆಗೆ ಯಾರ್‍ಯಾರು ನಿಲ್ತಾರೆ ಅಂತ ನೋಡಿ, ಎಷ್ಟಕ್ಕೆ ಹಾಸಿಗೆ ಬಿಟ್ಟೇಳಬೇಕು ಅಂತ ಹೇಳ್ತೀನಿ. ತಿಂಡಿಯನ್ನು ಕೋಣೆಗೇ ತರಿಸಿಕೋ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಚೀಲದಲ್ಲಿರಲಿ. ಅತ್ತಿಗೆಗೆ ಗಡಿಯಾರದ ಮಾತು ನಾನೇ ಫೋನ್ ಮಾಡಿ ಹೇಳ್ತೀನಿ, ನಿನ್ನ ಮೇಲೆ ಬಿಟ್ಟರೆ ಆಗಲ್ಲ.

ಮತ್ತೆ, ಮಾಹೋಗೆ ಹೋದರೆ ನೀರಿನ ಕಡೆ ಒಂದು ಸಲ ಕಣ್ಣಾಡಿಸು. ನೀಲಿ ಅಂಚಿನ ಬಿಳಿ ಟೋಪಿ, ಮೊದಲ ಸಲ ಎಂಜಿನ್ ಗಾಳಿಗೆ ಹಾರಿಹೋದದ್ದು. ನನ್ನ ಹೆಂಡತಿ ಇನ್ನೂ ಕೇಳ್ತಿದ್ದಾಳೆ.

ಇಂತಿ ನಿನ್ನ,
ಓಡಿ ಹಡಗು ಹತ್ತಿದವ