ಆಧಾರ್ ಇದ್ದರೆ ಸಾಕು ಅಂದುಕೊಂಡಿದ್ದ ಹುಡುಗ

ಸಂಪಾದಕರಿಗೆ ನಮಸ್ಕಾರ.

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆ ಚುನಾವಣೆ. ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುವವಳು, ಹಾಗಾಗಿ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ಆ ದಿನ ಒಂದು ಹಳ್ಳಿ ಶಾಲೆಯ ಮತಗಟ್ಟೆಯಲ್ಲಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ನಮ್ಮದೇ ಕಾಲೇಜಿನ ಬಿಎ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. ಕೈಯಲ್ಲಿ ಆಧಾರ್ ಕಾರ್ಡ್. ಮತದಾರರ ಪಟ್ಟಿ ನೋಡುವ ಪೋಲಿಂಗ್ ಆಫೀಸರ್ ಹಾಳೆ ಮೇಲೆ ಸ್ಕೇಲ್ ಇಟ್ಟು ಎರಡು ಸಲ ಹುಡುಕಿದರು. ಹೆಸರಿಲ್ಲ. 'ಆಧಾರ್ ಇದೆಯಲ್ಲಾ ಸರ್' ಅಂದ. ಆಮೇಲೆ ನನ್ನ ಮುಖ ನೋಡಿದ. ನಾನೇನು ಮಾಡಲಿ? ಹಿಂದೆ ಕ್ಯೂ ಬೆಳೆಯುತ್ತಿತ್ತು.

ಆಧಾರ್ ಇರುವುದು ಗುರುತು ತೋರಿಸೋಕೆ ಅಷ್ಟೇ. ಪಟ್ಟಿಯಲ್ಲಿ ಹೆಸರೇ ಇಲ್ಲದವನಿಗೆ ಯಾವ ಕಾರ್ಡ್ ಇದ್ದರೂ ಓಟಿಲ್ಲ. ಇದನ್ನು ಮೂರು ವರ್ಷ ನಮ್ಮ ಕ್ಲಾಸಿನಲ್ಲಿ ಕೂತಿದ್ದ ಹುಡುಗನಿಗೆ ನಾವು ಹೇಳಿಕೊಟ್ಟಿರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು ಅಂತ ಬರೆಸುತ್ತೇವೆ, ಎರಡು ಮಾರ್ಕ್ಸಿನ ಪ್ರಶ್ನೆ ಅದು. ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಫಾರಂ 6 ಹೇಗಿರುತ್ತದೆ ಅಂತ ಮಾತ್ರ ತೋರಿಸುವುದಿಲ್ಲ.

ಅದೇನು ದೊಡ್ಡ ಕೆಲಸವೂ ಅಲ್ಲ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಮೊಬೈಲಿನಿಂದಲೇ ತುಂಬಬಹುದು, ಇಲ್ಲವೇ ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೈಗೆ ಕೊಡಬಹುದು. ಒಂದು ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ವಿಳಾಸಕ್ಕೊಂದು ದಾಖಲೆ ಬೇಕು. ಏನಾದರೂ ಗೊಂದಲ ಇದ್ದರೆ 1950ಕ್ಕೆ ಫೋನ್ ಮಾಡಿ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಜನವರಿ 2ರಂದು ಹುಟ್ಟಿದವನು ಒಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ನಾಲ್ಕು ದಿನಾಂಕಗಳಿವೆ, 17 ತುಂಬಿದವರು ಮೊದಲೇ ಅರ್ಜಿ ಹಾಕಿ ಇಡಬಹುದು. ಅಂದರೆ ಪಿಯುಸಿಯಲ್ಲೇ ಈ ಕೆಲಸ ಮುಗಿಸಬಹುದು. ಚುನಾವಣೆ ಘೋಷಣೆ ಆದ ಮೇಲೆ ನೋಡೋಣ ಅಂತ ಕೂತರೆ ಕಷ್ಟ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೊಸ ಹೆಸರು ಸೇರಿಸುವುದಿಲ್ಲ, ಅರ್ಜಿ ಪರಿಶೀಲನೆಗೂ ಸಮಯ ಹಿಡಿಯುತ್ತದೆ.

ಜಾಸ್ತಿ ಗೊಂದಲ ಇರುವುದು ಹಾಸ್ಟೆಲ್ ಮಕ್ಕಳಿಗೆ. ರಾಯಚೂರಿನಿಂದ ಬಂದು ಬೆಂಗಳೂರಲ್ಲಿ ಓದುವ ಹುಡುಗಿ ಎಲ್ಲಿ ಹೆಸರು ಬರೆಸಬೇಕು? ಅಪ್ಪ ಅಮ್ಮ ಇರುವ ಊರಲ್ಲೂ ಬರೆಸಬಹುದು, ಹಾಸ್ಟೆಲ್ ವಿಳಾಸಕ್ಕೂ ಬರೆಸಬಹುದು. ಹಾಸ್ಟೆಲ್ ವಿಳಾಸಕ್ಕಾದರೆ ಅಲ್ಲಿ ಓದುತ್ತಿದ್ದಾಳೆ ಅಂತ ಪ್ರಿನ್ಸಿಪಾಲರ ಸಹಿ ಇರುವ ಪತ್ರ ಬೇಕು. ಎರಡೂ ಕಡೆ ಮಾತ್ರ ಬೇಡ, ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಂತ ಕಾನೂನಿನಲ್ಲೇ ಇದೆ. ಊರಲ್ಲಿ ಹೆಸರಿದ್ದು ಈಗ ಬದಲಾಯಿಸಬೇಕಾದರೆ ಫಾರಂ 8. ನನ್ನನ್ನು ಕೇಳಿದರೆ, ಓಟಿಗೆ ಊರಿಗೆ ಹೋಗುವವರಾದರೆ ಊರಲ್ಲೇ ಇರಲಿ. ಬಸ್ ಚಾರ್ಜ್, ಎಕ್ಸಾಮು ಅಂತ ಹೋಗದೇ ಇರುವವರಾದರೆ ಓದುವ ಕಡೆ ಬರೆಸಿ. ಊರಿನ ಪಟ್ಟಿಯಲ್ಲಿ ಹೆಸರು ಸುಮ್ನೆ ಕೂತಿದ್ದು ಏನು ಲಾಭ?

ಇನ್ನೊಂದು ವಿಷಯ. ಅಮೆರಿಕದ ಹಲವು ರಾಜ್ಯಗಳಲ್ಲಿ ಇನ್ನೂ ಓಟಿಲ್ಲದ 16, 17 ವರ್ಷದ ಮಕ್ಕಳು ಕೂಡ ಮತಗಟ್ಟೆಯಲ್ಲಿ ಕೆಲಸ ಮಾಡಬಹುದು. ನಮ್ಮಲ್ಲಿ ಆ ಕುರ್ಚಿಯಲ್ಲಿ ಕೂರುವುದು ನಮ್ಮಂಥ ಸರ್ಕಾರಿ ನೌಕರರು. ನಮ್ಮ ವಿದ್ಯಾರ್ಥಿಗಳಿಗೆ ಉಳಿದಿರುವುದು ಎನ್‌ಎಸ್‌ಎಸ್, ಎನ್‌ಸಿಸಿಯಿಂದ ಬಂದು ವೀಲ್‌ಚೇರ್ ತಳ್ಳುವುದು, ವಯಸ್ಸಾದವರ ಕೈ ಹಿಡಿದು ಮೆಟ್ಟಿಲು ಹತ್ತಿಸುವುದು. ಇದು ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬಾಗಿಲ ಹೊರಗೇ ಉಳಿಯುತ್ತಾರೆ. ಬೆಳಿಗ್ಗೆ ಐದೂವರೆಗೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಓಟು ಹಾಕಿ ಅಣಕು ಮತದಾನ ಮಾಡುತ್ತೇವೆ, ಲೆಕ್ಕ ತಾಳೆ ನೋಡುತ್ತೇವೆ, ಎಲ್ಲ ಅಳಿಸಿ ಸೀಲ್ ಹಾಕುತ್ತೇವೆ. ಇವಿಎಂ ಬಗ್ಗೆ ವಾಟ್ಸಾಪಿನಲ್ಲಿ ದಿನವಿಡೀ ವಾದ ಮಾಡುವ ನಮ್ಮ ಹುಡುಗರಲ್ಲಿ ಇದನ್ನು ಕಣ್ಣಾರೆ ಕಂಡವರು ಎಷ್ಟು ಜನ? ಅವರಿಗೂ ಟ್ರೇನಿಂಗ್ ಕೊಟ್ಟು ಮತಗಟ್ಟೆಗೊಬ್ಬರನ್ನು ಸಹಾಯಕ್ಕೆ ಒಳಗೆ ಕೂರಿಸಲು ಚುನಾವಣಾ ಆಯೋಗ ಯೋಚಿಸಬಾರದೇಕೆ? ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಏಳಲಾರದೆ ಕೂತಿರುವ ನಮಗೂ ಒಂದು ಕೈ ಜಾಸ್ತಿ ಆಗುತ್ತದೆ. ಅಲ್ಲಿವರೆಗೆ, 18 ತುಂಬಿದವರು ಬೇಕಾದರೆ ತಮ್ಮ ಕ್ಷೇತ್ರದಲ್ಲಿ ತಮಗೆ ಬೇಕಾದ ಅಭ್ಯರ್ಥಿಗೆ ಪೋಲಿಂಗ್ ಏಜೆಂಟ್ ಆಗಿ ಕೂರಬಹುದು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದು ಅಂತ ಹೆಮ್ಮೆ ಪಡುತ್ತೇವಲ್ಲ, ಆ ಬಾಟಲಿಯನ್ನು ಹತ್ತಿರದಿಂದ ನೋಡಿದ ಹಾಗೂ ಆಗುತ್ತದೆ.

ಕಾಲೇಜುಗಳಿಗೆ ನನ್ನದೊಂದೇ ಬೇಡಿಕೆ. ಅಡ್ಮಿಷನ್ ದಿನ ಟಿಸಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ನಾಲ್ಕು ಫೋಟೊ ಎಲ್ಲ ತರಿಸುತ್ತೀರಿ. ಪಕ್ಕದಲ್ಲಿ ಇನ್ನೊಂದು ಟೇಬಲ್ ಹಾಕಿ, ಬಿಎಲ್‌ಒ ಒಬ್ಬರನ್ನು ಕರೆಸಿ ಕೂರಿಸಿ, ಐದನೇ ಫೋಟೊ ತನ್ನಿ ಅಂತ ಹೇಳಿ.

ಇಂತಿ,
ಒಬ್ಬ ಉಪನ್ಯಾಸಕಿ, ತುಮಕೂರು